ಕುಡುಕನ ಕಂಬ

ಮಂಗಳವಾರ, ಸಂಜೆ ಆರು ಗಂಟೆ

ಭಾವನವರಿಗೆ,

ಕ್ಷೇಮ ಕೇಳಬೇಕಾಗಿಲ್ಲ, ಇವತ್ತು ಕಣ್ಣಾರೆ ನೋಡಿದೆ. ಬೆಳಗಿನಿಂದ ಚರ್ಚಿನ ಮೆಟ್ಟಿಲು ತಿಕ್ಕಿದೆ. ಮಧ್ಯಾಹ್ನ, ಕಂಬಗಳ ದುರಸ್ತಿ ಮಾಡಿದ್ದು ಯಾರು ಎಂದು ಕೇಳಿದ ಸಮಿತಿಯವರ ಮುಂದೆ ನೀವು ಎದ್ದು, "ಆರೂ ಕಂಬ ನನ್ನ ಕೈಕೆಲಸವೇ. ತಮ್ಮ ಬರೀ ಗಾರೆ ಕಲಸ್ತಿದ್ದ" ಎಂದಾಗ ನಾನು ಬಾಗಿಲ ಹಿಂದೆ ಬಕೆಟ್ ಹಿಡಿದು ನಿಂತಿದ್ದೆ.

ಹಳೆಯ ಮರದ ಚರ್ಚು ಸುಟ್ಟ ಮೇಲೆ ಇದನ್ನು ಕಟ್ಟಿದರಂತೆ. ಮುಂದೆ ಸಾಲುಕಂಬ, ಮೇಲೆ ತ್ರಿಕೋನದ ಹಣೆ. ಊರವರು ಆಗ ಇದು ದೇವರ ಮನೆಯೋ ಕಚೇರಿಯೋ ಎಂದು ನಕ್ಕಿದ್ದರಂತೆ. ಕಲ್ಲು ಕಂಬಗಳ ಬುಡಕ್ಕಷ್ಟೇ ಸಾಕಾಯಿತು. ಮೇಲೆ ಇಟ್ಟಿಗೆ, ಅದರ ಮೇಲೆ ಗಾರೆ, ಪ್ರತಿ ಕಂಬದ ನಡುವೆ ಸಣ್ಣ ಉಬ್ಬು. ಇದನ್ನೆಲ್ಲ ನಮ್ಮ ಇವರು ಊಟಕ್ಕೆ ಕೂತಾಗ ಹೇಳುತ್ತಿದ್ದರು.

ನೀವಿಬ್ಬರೂ ಕಂಬಗಳ ದುರಸ್ತಿಗೆ ಹೋದಾಗ ನೀವು ಆ ಉಬ್ಬು ನೋಡಿ, "ಕಂಬಕ್ಕೂ ಬಸುರೇನೋ? ನೆಟ್ಟಗೆ ಮಾಡು" ಎಂದಿರಿ. "ಬೇಡ ಅಣ್ಣಾ, ನೆಟ್ಟಗೆ ಮಾಡಿದ್ರೆ ಕಣ್ಣಿಗೆ ಸೊಂಟ ಮುರಿದ ಹಾಗೆ ಕಾಣುತ್ತೆ" ಎಂದರು ಇವರು. ಇವರು ಊಟಕ್ಕೆ ಬಂದ ಹೊತ್ತಿನಲ್ಲಿ ಎಡಗಡೆಯ ಕೊನೆಯ ಕಂಬದ ಉಬ್ಬನ್ನು ನೀವೇ ಹೆರೆದುಬಿಟ್ಟಿರಿ. ಅದು ಸೊಂಟ ಮುರಿದ ಹಾಗೆಯೇ ಕಂಡಿತು.

ಸಮಿತಿ ಕೇಳಿದಾಗ, "ತಮ್ಮ ಕುಡಿದಿದ್ದ, ಕೈ ನಡುಗಿತು" ಎಂದಿರಿ. ಹಬ್ಬದ ದಿನವೂ ತುಟಿಗೆ ಸೋಕಿಸದ ಮನುಷ್ಯ! ಊರು ಅದಕ್ಕೆ ಕುಡುಕನ ಕಂಬ ಎಂದು ಹೆಸರಿಟ್ಟಿತು. ಮಕ್ಕಳು ಕೂಡ "ಕುಡುಕನ ಕಂಬದ ಹತ್ರ ಸಿಗೋ" ಎನ್ನುತ್ತಾರೆ. ಆಮೇಲೆ ಇವರನ್ನು ಕೆಲಸಕ್ಕೆ ಕರೆದವರಿಲ್ಲ. ಆ ಹೆಸರು ಹೊತ್ತುಕೊಂಡೇ ಹೋದರು. ಮಣ್ಣಿಗೆ ನೀವೂ ಹೆಗಲು ಕೊಟ್ಟಿರಿ, ಅತ್ತಿರಿ ಕೂಡ.

ದುರಸ್ತಿ ಮಾಡಿದವರ ಹೆಸರನ್ನು ಚರ್ಚಿನಲ್ಲಿ ಕೆತ್ತಿಸಬೇಕು ಎಂದು ಪಾದ್ರಿಗಳಿಗೆ ಹೇಳಿದವಳು ನಾನೇ. "ದೊಡ್ಡ ಮನಸ್ಸಮ್ಮಾ ನಿಂದು" ಎಂದರು. ನಾನು ತಲೆ ತಗ್ಗಿಸಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಭಾವ. ಲೋಟ ಮುಂದಿಟ್ಟೆ ಅಷ್ಟೆ. ನೀವೇ ಎತ್ತಿ ಕುಡಿದಿರಿ.

ಇಂತಿ,
ಗಾರೆ ಕಲಸುತ್ತಿದ್ದವನ ಹೆಂಡತಿ

ಮರೆತಿದ್ದೆ: ಹೆಸರು ಎಲ್ಲಿ ಕೆತ್ತುತ್ತಾರೆ ಎಂದು ನೀವು ಕೇಳಲೇ ಇಲ್ಲ. ಬಾಗಿಲ ಪಕ್ಕ ಎಂದುಕೊಂಡಿರಬೇಕು. ಸಭೆ ಮುಗಿದ ಮೇಲೆ ಪಾದ್ರಿಗಳು ನನ್ನನ್ನು ಕೇಳಿದರು. ಕುಡುಕನ ಕಂಬದ ಬುಡದಲ್ಲಿ ಎಂದೆ. ನನ್ನ ಮುಖ ನೋಡಿ, "ಆರೂ ಅವನದೇ ಅಂದ ಮೇಲೆ ಯಾವುದಾದ್ರೇನು" ಎಂದರು. ಕಲ್ಲುಕುಟಿಗ ನಾಳೆ ಬೆಳಿಗ್ಗೆ ಬರುತ್ತಾನೆ.