ಎಮ್ಮೆ ತಂದ ಹೆಡ್ಮಾಸ್ಟರು

ಕೇಳಿರಿ, ನೆರೆದ ಮಹಾಜನರೇ! ಹಿಂದೂಪುರದ ಅಂಚಿನ ನಮ್ಮ ಹೈಸ್ಕೂಲೆಂಬ ರಂಗಕ್ಕೆ ಇಂದು ಹೊಸ ಹೆಡ್ಮಾಸ್ಟರರ ಪ್ರವೇಶವಾಯಿತು!

ಮಹಾಜನರೆಲ್ಲಿ, ಅಮರೇಶಪ್ಪನವರೇ? ಕೇಳಬೇಕಾದವರು ನೀವೊಬ್ಬರೇ, ನೀವೂ ತೀರಿಕೊಂಡಿರಿ. ನಿಮಗೆ ವರ್ಗವಾದ ಮೇಲೆ ನಿಮ್ಮ ಹೆಡ್ಮಾಸ್ಟರ್ ಕುರ್ಚಿಯಲ್ಲಿ ಮೂವರು ಕೂತೆದ್ದರು. ಬಂದವರೆಲ್ಲ ಎಸ್ಸೆಸ್ಸೆಲ್ಸಿ ಇಂಗ್ಲಿಷನ್ನು ಮೊದಲ ಪಾಠದಿಂದಲೇ ಶುರುಮಾಡಿ, ಕಟ್ಟಿತಂದ ಹಾಸಿಗೆಯನ್ನು ಸರಿಯಾಗಿ ಬಿಚ್ಚುವ ಮೊದಲೇ ಹೊರಟರು. ಪರೀಕ್ಷೆ ಹತ್ತಿರ ಬಂದರೂ ಮಕ್ಕಳು ಎರಡನೆಯ ಪಾಠದ ಮುಖ ನೋಡಿಲ್ಲ.

ಇಂದು ಕಲ್ಯಾಣದುರ್ಗದ ಚೆನ್ನಕೇಶವಯ್ಯನವರು ಲಾರಿಯಿಂದ ಇಳಿದರು. ಜವಾನ ಓಬಳಪ್ಪ ನನ್ನ ಡ್ರಾಯಿಂಗ್ ಕ್ಲಾಸಿಗೇ ಓಡಿಬಂದ.

"ಸಾರ್, ಹೆಂಡ್ರು ಮಕ್ಳ ಜೊತೆ ಎಮ್ಮೆನೂ ತಂದ್ಬುಟ್ಟವ್ರೆ! ದೇವುಡಾ, ಹಾಲು ಕರೆಯೋ ಎಮ್ಮೆ!"

"ಹಂಗಾದ್ರೆ ಈವಯ್ಯ ನಿಲ್ತಾರೇನ್ಲಾ?"

"ಎಮ್ಮೆ ನಿಂತ್ರೆ ನಿಲ್ತಾರೆ ಸಾರ್. ಹುಲ್ಲು ಎಲ್ಲಿ ಸಿಗ್ತದೆ ಅಂತ ಆಗ್ಲೇ ಕೇಳ್ತಾವ್ರೆ."

ಹೆಡ್ಮಾಸ್ಟರರಿಗೂ ಏನಾದರೂ ಬೇಕಾಗಬಹುದೆಂದು ನನಗೆ ಹೊಳೆದದ್ದು ಇದೇ ಮೊದಲು. ನಿಮ್ಮ ಮನೆಗೆ ಹಾಲು ಎಲ್ಲಿಂದ ಬರುತ್ತಿತ್ತು, ಅಮರೇಶಪ್ಪನವರೇ? ಸಂಜೆಯಿಂದ ಯೋಚಿಸುತ್ತಿದ್ದೇನೆ, ತಿಳಿಯುತ್ತಿಲ್ಲ.

ನಾಳೆ ಬೆಳಿಗ್ಗೆ, ಸ್ಕೂಲಿನ ಗಂಟೆ ಹೊಡೆಯುವ ಮೊದಲೇ, ಪರಿಗಿಯ ನಮ್ಮ ಹೊಲದಿಂದ ಒಂದು ಗಾಡಿ ಹುಲ್ಲು ತರಿಸಿ ಅವರ ಬಾಗಿಲಲ್ಲಿ ನಾನೇ ಇಳಿಸುತ್ತೇನೆ.