ಕಂಬದಿಂದ ಎಳೆದ ಕರೆಂಟು

ಮಂಗಳವಾರ, ರಾತ್ರಿ.

ತಂಗಿ ನಡೆಸುವ ಡಿಜೆ ತರಗತಿಗೆ ನಮ್ಮ ಕಾರ್ಮಿಕ ಸಂಘದ ಹಾಲ್ ಕೊಡುತ್ತೇವೆಂದಿದ್ದರು, ಕೊಡಲಿಲ್ಲ. ಸ್ಪೀಕರ್ ಕೊಡುತ್ತೇವೆಂದಿದ್ದರು, ಅದಕ್ಕೂ ಬೀಗ. "ಅದು ಸಂಗೀತ ಅಲ್ಲ ಕಣಮ್ಮ, ದುಡ್ಡಿರೋರ ಮಕ್ಕಳ ಕುಣಿತ," ಎಂದರು ಕಾರ್ಯದರ್ಶಿ ಅಣ್ಣ.

ಮೈ ಉರಿದು ಡಿಜೆಗಳ ಚರಿತ್ರೆಯ ಪುಸ್ತಕ ಓದಲು ಕೂತೆ. ಡಿಸ್ಕೊ, ಹಿಪ್‌ಹಾಪ್, ಹೌಸ್. ನಾನು ಹೆಸರು ಓದಿದಂತೆ ತಂಗಿ ಒಂದೊಂದನ್ನೂ ಹಾಕಿ ಕೇಳಿಸಿದಳು. ದುಡ್ಡಿದ್ದವರು ಹುಟ್ಟಿಸಿದ್ದಲ್ಲ, ಬಾಗಿಲಾಚೆ ತಳ್ಳಿಸಿಕೊಂಡ ಕರಿಯರು, ಬಡವರು ಹುಟ್ಟಿಸಿದ್ದು. ಬೀದಿದೀಪದ ಕಂಬದಿಂದ ಕರೆಂಟು ಎಳೆದು ಕುಣಿಸಿದರಂತೆ. ನಮ್ಮ ಮುಷ್ಕರದಲ್ಲಿ ಹಾಲ್ ಎದುರಿನ ಕಂಬದಿಂದ ಹಾಗೇ ತಂತಿ ಎಳೆದು ಮೈಕ್ ಹಾಕಿದ್ದು ಇದೇ ಅಣ್ಣ!

"ಹಂಗಾದ್ರೆ ಮೊದಲನೇ ಡಿಜೆ ಅವರೇ ಬಿಡಕ್ಕ," ಎಂದು ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಏಣಿ ಹತ್ತಿದವರೇ ಏಣಿ ಒದೆಯುವುದೆಂದರೆ?

ಹಾಲ್‌ನ ಬೀಗ ತೆಗೆಯದಿದ್ದರೆ ಎದುರಿಗೇ ಆ ಕಂಬವಿದೆ. ಪುಸ್ತಕ, ತಂಗಿ, ಉದ್ದನೆಯ ವೈರು ಮೂರೂ ನನ್ನ ಜೊತೆ ಸಂಘದ ಸಭೆಗೆ ಬರುತ್ತವೆ. ಸಭೆ ಭಾನುವಾರ, ಸಂಜೆ ನಾಲ್ಕಕ್ಕೆ.