ಡ್ರಮ್ಮಿನ ತಳದ ನೀರು

ಡಿ. ೪, ಬೆಳಗ್ಗೆ
ಇವತ್ತೂ ತಣ್ಣೀರು. ಹಲ್ಲು ಕಟಕಟ. ಮದುವೆಯಾಗಿ ಬಂದಾಗಿನಿಂದ ಸ್ನಾನಕ್ಕೆ ಕೊನೆಯವಳು ನಾನೇ. ಮಾವ, ಇವರು, ಅತ್ತೆ, ಆಮೇಲೆ ನಾನು. ಎಲ್ಲರಿಗೂ ಒಂದೇ ಪ್ಲಾಸ್ಟಿಕ್ ಡ್ರಮ್. ಕರೆಂಟ್ ಕಾಯಿಲ್ ಹಾಕಿ ಕಾಯಿಸಿ, ಆಫ್ ಮಾಡಿ, ಮಗ್ಗಿನಲ್ಲಿ ಮೊಗೆದುಕೊಳ್ಳುವುದು. ಮಾವ ಹೊರಬಂದರೆ ಮೈಯಿಂದ ಹಬೆ. ನಿಧಾನ ಮಾಡಿದರೆ ನೀರು ಆರದೆ ಏನಾಗುತ್ತೆ ಅಂತ ಇವರ ಉಪದೇಶ ಬೇರೆ.

ಡಿ. ೫
ಅತ್ತೆ ಹೊರಬಂದದ್ದೇ ಒಳಗೆ ಓಡಿದೆ. ಆದರೂ ತಣ್ಣಗೆ! ಸಂಜೆ ಡ್ರಮ್ಮಿನೊಳಗೆ ಬಗ್ಗಿ ನೋಡಿದರೆ... ಕಾಯಿಲ್ ನೇತಾಡೋದು ಬಾಯಿಯ ಹತ್ತಿರ. ತಳ ಸುಟ್ಟೀತು ಅಂತ ಮಾವನೇ ಕೋಲು ಅಡ್ಡ ಇಟ್ಟು ಏರಿಸಿ ಕಟ್ಟಿದ್ದಂತೆ. ಕಾದ ನೀರು ಮೇಲೇ ಕೂತಿರುತ್ತೆ, ಕೆಳಗಿನದಕ್ಕೆ ಬಿಸಿ ಮುಟ್ಟೋದೇ ಇಲ್ಲ. ಇವರಿಗೆ ಹೇಳಿದೆ. ಅಪ್ಪನದು ವಾಚ್ ರಿಪೇರಿ ಮಾಡಿದ ಕೈ, ತಪ್ಪೋದಿಲ್ಲ, ಅಡ್ಜಸ್ಟ್ ಮಾಡ್ಕೋ ಅಂದರು. ಮೈಯೆಲ್ಲ ಉರಿಯಿತು — ಇವತ್ತು ಮೈ ಬಿಸಿಯಾದದ್ದು ಅದೊಂದರಿಂದಲೇ.

ಡಿ. ೯, ರಾತ್ರಿ ಊಟಕ್ಕೆ ಮುಂಚೆ
ನಡುವೆ ನೆಗಡಿ, ಜ್ವರ. ಬರೆಯಲಾಗಲಿಲ್ಲ. ಮೂಗೊರೆಸಿಕೊಳ್ಳುತ್ತಲೇ ಶಪಥ ಮಾಡಿದ್ದೆ, ಕಣ್ಣಿಗೇ ಕಾಣೋ ಹಾಗೆ ತೋರಿಸ್ತೀನಿ ಅಂತ.
ಇವತ್ತು ಸಂಜೆ ಎಲ್ಲರನ್ನೂ ಅಡುಗೆಮನೆಗೆ ಕರೆದೆ. ಗಾಜಿನ ಕಾಫಿ ಜಗ್‌ನಲ್ಲಿ ನೀರು. ಡ್ರಾಪರಿನಿಂದ ತಳಕ್ಕೆ ಶಾಯಿ. ಟೂರಿಗೆ ಒಯ್ಯುವ ಪುಟ್ಟ ಕಾಯಿಲ್ ಮೇಲ್ಗಡೆ ಮಾತ್ರ. ಮೇಲೆ ಕುದಿ ಬಂತು, ಶಾಯಿ ತಳ ಬಿಟ್ಟು ಏಳಲಿಲ್ಲ. ಶಾಯಿ ಸೋಮಾರಿ ಅಂದರು ಮಾವ. ಸರಿ — ಹೊಸ ನೀರು, ಅದೇ ಶಾಯಿ, ಜಗ್ ಸಣ್ಣ ಉರಿಯ ಮೇಲೆ. ನೀಲಿ ಎಳೆ ಮೇಲೆದ್ದು, ಪಕ್ಕಕ್ಕೆ ತಿರುಗಿ, ಇಳಿದು, ಮತ್ತೆ ಎದ್ದಿತು. ಕಾದ ನೀರು ಹಗುರಾಗಿ ಏರುತ್ತೆ, ತಣ್ಣಗಿನದು ಇಳಿದು ಬಂದು ಕಾಯುತ್ತೆ, ತಳದಿಂದ ಕಾಯಿಸಿದರೆ ಎಲ್ಲರಿಗೂ ಪಾಲು ಅಂದೆ.
ಅತ್ತೆ ಮಾತ್ರ ಜಗ್ ಬಿಟ್ಟು ಮಾವನನ್ನೇ ನೋಡುತ್ತಿದ್ದರು. ನಾನು ಬರುವ ಮುಂಚೆ ಕೊನೆಯ ಸ್ನಾನ ಅತ್ತೆಯದಂತೆ.
"ನೀರು ಬಿಸಿಯಾಗೇ ಇದೆ, ನಿನ್ ಮೈಯೇ ಥಂಡಿ ಅಂತಿದ್ರಲ್ಲ, ಇಷ್ಟು ವರ್ಷ" ಅಂದರು, ಮೆಲ್ಲಗೆ.
ಮಾವ ಬಗ್ಗಿ ಒಲೆ ಆರಿಸಿದರು. ನನಗೆ ನಗು ಬಂತು, ಅತ್ತೆಯ ಮುಖ ನೋಡಿ ಪಾಪ ಅಂತಲೂ ಅನ್ನಿಸಿತು.

ಡಿ. ೧೦, ಬೆಳಗ್ಗೆ
ಉದ್ದನೆಯ ಕಾಯಿಲ್ ತರೋದು ಅಂಗಡಿ ತೆರೆದ ಮೇಲೆ. ಇವತ್ತು ಹಳೆಯದೇ. ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ಚಿಲಕ ಹಾಕಿಕೊಂಡಿದ್ದಾರೆ. ಒಳಗಿಂದ ಹಾಡು! ಅತ್ತೆ ಹಾಡ್ತಾರೆ ಅಂತಲೇ ಗೊತ್ತಿರಲಿಲ್ಲ. ಮಾವ ಹೆಗಲಿಗೆ ಟವೆಲ್ ಹಾಕಿ ಬಾಗಿಲ ಮುಂದೆ ಶತಪಥ. ಇನ್ನೂ ಎಷ್ಟು ಹೊತ್ತು ಅಂತ ಕೇಳಿಯೇಬಿಟ್ಟರು.
"ಮುಂದಿನದು ಸೊಸೆದು. ನಿಮ್ಮದು ಬಿಸಿ ಮೈ, ಕೊನೆಗೆ ಬನ್ನಿ."
ಚಿಲಕ ತೆಗೆದ ಸದ್ದು. ಹೊರಟೆ, ಮೇಲಿನ ನೀರು ಮುಗಿಯೋ ಮುಂ—